ಗುಲಾಬಿ ಶೆಡ್ತಿಯ ಕದಿರು ಗದ್ದೆ

ಕೊಕ್ಕರ್ಣೆಯಲ್ಲಿ ಬಸ್ಸಿಳಿದು ಗುಲಾಬಿ ಶೆಡ್ತಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ದಾರಿ ಹೇಳುವ ಮೊದಲು ಒಮ್ಮೆ ನಗುತ್ತಾರೆ. ಹೋಗಿ, ನಾಲ್ಕು ಬೈಗುಳ ತಿಂದು ಬನ್ನಿ ಎಂದು ಆ ನಗುವಿನ ಅರ್ಥ. ಅವಳು ಬೈಯದ ಮನುಷ್ಯ ಆ ಊರಲ್ಲಿಲ್ಲ. ಗದ್ದೆಯನ್ನು ಬೇಸಾಯ ಮಾಡದೆ ಹಡೀಲು ಬಿಟ್ಟವರಿಗೆ ಬೈದಳು, ತೋಡಿನ ನೀರಿಗೆ ಪ್ಲಾಸ್ಟಿಕ್ ಎಸೆದವರಿಗೆ ಬೈದಳು, ದೇವಸ್ಥಾನದ ಅಂಗಳಕ್ಕೆ ಟೈಲ್ಸ್ ಹಾಸಿದ ದಿನ ಸಮಿತಿಯವರನ್ನು ಸಾಲಾಗಿ ನಿಲ್ಲಿಸಿ ಬೈದಳು. "ಮಳಿ ನೀರ್ ಎಲ್ ಇಂಗುದ್? ನಿಮ್ ತಲಿ ಒಳ್ಗಾ?" ಎಂದು ಅವಳು ಅಂದು ಕೇಳಿದ್ದನ್ನು ಹುಡುಗರು ಇವತ್ತಿಗೂ ಅಣಕಿಸುತ್ತಾರೆ. ದಿನಾ ಸಾಯುವವರಿಗೆ ಅಳುವವರು ಯಾರು? ಹಾಗೆಯೇ ದಿನಾ ಬೈಯುವವಳ ಮಾತಿಗೆ ಕಿವಿಗೊಡುವವರೂ ಯಾರೂ ಉಳಿಯಲಿಲ್ಲ.

ಹುಟ್ಟಿದ್ದು ಕಿರಿಮಂಜೇಶ್ವರದ ಕಡಲ ಕರೆಯಲ್ಲಿ, ಕಾಲಿಟ್ಟರೆ ಹೂತುಹೋಗುವ ಹೊಯಿಗೆಯ ಮೇಲೆ. ಕೊಕ್ಕರ್ಣೆಯ ಕಪ್ಪು ಕೆಸರಿಗೆ ಮದುವೆಯಾಗಿ ಬಂದಾಗ ಅವಳಿಗೆ ಗಂಡನಿಗಿಂತ ಮೊದಲು ಗದ್ದೆಯ ಮೇಲೆ ಮನಸ್ಸಾಯಿತು ಎಂದು ಅತ್ತೆ ಹಂಗಿಸುತ್ತಿದ್ದರಂತೆ. ಅದೇನೂ ಸುಳ್ಳಲ್ಲ. ಮೈದುನ ರತ್ನಾಕರ ಮುಂಬೈಗೆ ಹೋಗಿ ಹೋಟೆಲ್ ಮಾಡಿದ, ಸುತ್ತಲಿನವರು ಒಬ್ಬೊಬ್ಬರಾಗಿ ನೇಗಿಲು ಅಟ್ಟಕ್ಕೇರಿಸಿದರು, ಕೊನೆಗೆ ಗಂಡನೂ ತೀರಿಕೊಂಡ. ಗುಲಾಬಿ ಮಾತ್ರ ಕೆಲಸದಾಳು ಗುಡ್ಡನನ್ನು ಜೊತೆಗಿಟ್ಟುಕೊಂಡು ಕೆಸರಿಗಿಳಿಯುವುದನ್ನು ಬಿಡಲಿಲ್ಲ.

ಅದಕ್ಕೆ ಕಾರಣ ಕದಿರು ಗದ್ದೆ. ಮನೆಯ ಕೆಳಗೆ, ತೋಡಿನ ಪಕ್ಕದಲ್ಲಿರುವ ಸಣ್ಣ ಗದ್ದೆ ಅದು. ನವರಾತ್ರಿಯ ಹೊತ್ತಿಗೆ ಹೊಸ್ತು, ಹೊಸ ಬೆಳೆ ಉಣ್ಣುವ ಹಬ್ಬ, ಬರುತ್ತದೆ. ಅಂದು ಬೆಳಿಗ್ಗೆ ಅರ್ಚಕರು ವಾದ್ಯದೊಂದಿಗೆ ಈ ಗದ್ದೆಗೆ ಬಂದು ಹೊಸ ತೆನೆ ಕೊಯ್ದು ದೇವರಿಗೆ ಒಯ್ಯುತ್ತಾರೆ. ಅಲ್ಲಿಂದ ಊರಿನ ಮನೆ ಮನೆಗೂ ಒಂದೊಂದು ಹಿಡಿ ಕದಿರು ಹೋಗುತ್ತದೆ. ಮಾವು, ಹಲಸು, ಬಿದಿರಿನ ಎಲೆಯಲ್ಲಿ ಸುತ್ತಿ, ನಾರಿನಿಂದ ಬಾಗಿಲಿಗೆ, ಕಣಜಕ್ಕೆ, ನೊಗಕ್ಕೆ ಕಟ್ಟುತ್ತಾರೆ. ತೆನೆಯಿಂದ ಸುಲಿದ ನಾಲ್ಕು ಕಾಳು ಪಾಯಸಕ್ಕೆ ಬೀಳುತ್ತವೆ. ದೇವರು ಉಂಡ ಮೇಲೆ ಊರು ಉಣ್ಣುವ ಅನ್ನ ಅದು.

ಆ ಗದ್ದೆಗೆ ಗುಲಾಬಿಯ ಕಟ್ಟಳೆ ಒಂದೇ: ದೇವರ ಎಡೆಗೆ ಇಡಲಾಗದ್ದನ್ನು ಗದ್ದೆಗೂ ಹಾಕಬಾರದು. ಕಟ್ಟಳೆ ಗದ್ದೆಯಲ್ಲೇ ನಿಲ್ಲದೆ ಬಾವಿಕಟ್ಟೆಗೆ, ಹಟ್ಟಿಗೆ, ಅಡುಗೆಮನೆಗೆ ಹತ್ತಿತು. ಹಾಡಿಯ ಮರಗಳಿಂದ ಸೊಪ್ಪು ತಂದು ದನಗಳ ಕಾಲಡಿಗೆ ಹಾಸಿದಳು, ಅದನ್ನೇ ಗೊಬ್ಬರ ಮಾಡಿ ಹೊತ್ತಳು, ಕಳೆಯನ್ನು ಕುಕ್ಕರಗಾಲಲ್ಲಿ ಕೂತು ಕಿತ್ತಳು. ಬೆನ್ನು ಹಿಡಿದುಕೊಂಡರೂ ಅಂಗಡಿಯ ಗೊಬ್ಬರದ ಚೀಲ ಅಂಗಳಕ್ಕೆ ಬರಲಿಲ್ಲ. ದೇವಸ್ಥಾನದಲ್ಲಿ ಅವಳ ಮುಖ ಕಾಣುತ್ತಿದ್ದುದು ವರ್ಷಕ್ಕೊಮ್ಮೆ. ಯಾಕೆ ಬರುವುದಿಲ್ಲ ಎಂದರೆ, "ದೇವ್ರಿಗ್ ಉಂಬುಕೆ ಬೆಳೂದ್ ಯಾರ್, ನೀವಾ?" ಎಂದು ಕೇಳುತ್ತಿದ್ದಳು.

ಈಗ ರತ್ನಾಕರ ಹೋಟೆಲನ್ನು ಭಾವನಿಗೆ ವಹಿಸಿ ಊರಿಗೆ ಬಂದಿದ್ದಾನೆ. ಗುಲಾಬಿ ಇರುವ ಮೂಲಮನೆಯ ಮೇಲಿನ ತಿಟ್ಟಿನಲ್ಲಿ ಹೊಸ ಮನೆ ಕಟ್ಟಿದ್ದಾನೆ, ದೇವಸ್ಥಾನ ಸಮಿತಿಗೆ ಅಧ್ಯಕ್ಷನಾಗಿದ್ದಾನೆ. ಕೆಟ್ಟವನಲ್ಲ. ಕೈ ಬಿಚ್ಚಿ ಕೊಡುತ್ತಾನೆ, ಅತ್ತಿಗೆಯ ಮುಂದೆ ತಲೆ ತಗ್ಗಿಸುತ್ತಾನೆ. ಆದರೆ ಅವನಿಗೆ ಶುದ್ಧವೆಂದರೆ ಒರೆಸಿದ ಕಲ್ಲು. ಹುಲ್ಲು, ಕೆಸರು, ಕಪ್ಪೆ ಎಲ್ಲವೂ ಅವನ ಲೆಕ್ಕದಲ್ಲಿ ಕೊಳೆ. ಇಂಥವರ ಭಕ್ತಿ ಕಂಡರೆ ಮೈ ಉರಿಯುತ್ತದೆ. ನೆಲದಲ್ಲಿ ಹುಟ್ಟಿದ ದೇವರಿಗೆ ನೆಲವೇ ತಾಗಬಾರದಂತೆ!

ಈ ವರ್ಷ ಹೊಸ್ತಿಗೆ ಮುಂಚೆ ಗುಲಾಬಿ ಶಿರೂರಿಗೆ ಹೋಗಿದ್ದಳು. ಅಲ್ಲಿ ಮಗಳು ಅನ್ವಿತಾ ಹೆತ್ತಿದ್ದಳು, ಬಾಣಂತನಕ್ಕೆ ಒಂದು ವಾರ ನಿಲ್ಲಲೇಬೇಕಾಯಿತು. ಹೊಸ್ತಿನ ಹಿಂದಿನ ದಿನ ವಾಪಸು ಬಂದವಳು ಚೀಲ ಜಗಲಿಗೆ ಎಸೆದು, ಬಾಯಿಗೆ ನೀರೂ ಹಾಕದೆ ಗದ್ದೆಗೆ ಇಳಿದಳು.

ಗದ್ದೆಯ ಅಂಚು ಹಳದಿಯಾಗಿ ಸತ್ತಿತ್ತು. ಚಟ್ನಿಗೆ ಕೊಯ್ಯುತ್ತಿದ್ದ ಒಂದೆಲಗ, ದನಕ್ಕೆ ಹಾಕುತ್ತಿದ್ದ ಹುಲ್ಲು, ಎಲ್ಲ ಬೇಯಿಸಿಟ್ಟಂತೆ ಮಲಗಿದ್ದವು. ಅಂಚಿನ ಪಕ್ಕದ ಸಾಲಿನಲ್ಲಿ ತೆನೆ ಸುಟ್ಟು ಕಂದಿತ್ತು. ಎರಡು ದಿನ ಮಳೆ ಹೊಡೆದಿದ್ದರಿಂದ ಅಂಚಿನ ನೀರೆಲ್ಲ ಇಳಿದು ಗದ್ದೆಯಲ್ಲಿ ನಿಂತಿತ್ತು. ಆ ನೀರಿನಲ್ಲಿ ಒಂದು ಕಪ್ಪೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು.

"ಗುಡ್ಡಾ!" ಎಂದು ಅವಳು ಕೂಗಿದ್ದು ತೋಡಿನಾಚೆಗೂ ಕೇಳಿತು.

ಗುಡ್ಡ ಹಟ್ಟಿಯ ಹಿಂದಿನಿಂದ ಬಂದು ತಲೆ ಕೆರೆಯುತ್ತ ನಿಂತ. "ರತ್ನಾಕರ ಶೆಟ್ರ್ ಹೇಳದ್ ಅಮ್ಮ. ಕದಿರ್ ಕೊಯ್ಯುಕೆ ಭಟ್ರ್, ದೊಡ್ಡ್ ಜನ ಎಲ್ಲ ಬತ್ರ್, ಅಂಚಲ್ ಹುಲ್ಲ್ ಇಪ್ಪುಕಾಗ, ಹುಲ್ಲ್ ಸಾಯುಕೆ ಮದ್ದ್ ಹೊಡಿ ಅಂದ್ರ್."

"ನಂಗೊಂದ್ ಫೋನ್ ಮಾಡುಕೆ ನಿಂಗೆಂತ ಆಯಿತ್ತ್?"

"ಮಾಡ್ರೆ ನೀವ್ ಬೈತ್ರಿ ಅಂದ್ ಮಾಡ್ಲಿಲ್ಲೆ."

ಜೀವಮಾನವಿಡೀ ಬೈದು ಬೈದು ಕಾಪಾಡಿದ ಗದ್ದೆ ಆ ಬೈಗುಳದ ಹೆದರಿಕೆಯಿಂದಲೇ ಹಾಳಾಗಿತ್ತು. ಆ ಸಿಟ್ಟನ್ನು ಗುಡ್ಡನ ಮೇಲೆ ಹಾಕಲೂ ಆಗದೆ ನುಂಗಲೂ ಆಗದೆ ಅವಳು ನೇರ ಮೈದುನನ ಮನೆಗೆ ಹತ್ತಿದಳು.

ರತ್ನಾಕರ ನಾಳೆ ದೊಡ್ಡವರಿಗೆ ಹೊದಿಸುವ ಶಾಲುಗಳನ್ನು ಎಣಿಸಿ ಇಡುತ್ತಿದ್ದ.

"ರತ್ನಾಕರ, ನಾಳಿ ಕದಿರ್ ನನ್ ಗದ್ದಿದ್ ಬ್ಯಾಡ. ಅದ್ ದೇವ್ರಿಗ್ ಆತ್ತಿಲ್ಲೆ."

"ಎಂತಕ್ ಸಿಟ್ಟ್ ಮಾಡ್ಕಂತ್ರಿ ಅತ್ಗೆ? ಹೊಡ್ಸದ್ದ್ ಹುಲ್ಲಿಗೆ, ಭತ್ತಕ್ಕಲ್ಲ. ಅಂಚ್ ಎಷ್ಟ್ ಕ್ಲೀನ್ ಆಯಿತ್ ಕಾಣಿ. ದೇವ್ರ್ ಕೆಲ್ಸಕ್ಕೆ ಶುದ್ಧ ಬ್ಯಾಡ್ದಾ?"

"ಮಳಿ ಬಂದ್ ಅದೆಲ್ಲ ಗದ್ದಿಗ್ ಇಳ್ದಿತ್. ಕಪ್ಪಿ ಸತ್ತಿತ್. ಅದ್ನ್ ಊರ್ ಮನಿಗೆಲ್ಲ ಹಂಚ್ತ್ಯಾ?"

"ಒಂದ್ ಕಪ್ಪಿ ಸತ್ತ್ರೆ ಹೊಸ್ತ್ ನಿಲ್ತಿಲ್ಲೆ. ಊರ್ ಗದ್ದಿ ಬಿಟ್ಟ್ ಪ್ಯಾಟಿಂದ ಕದಿರ್ ತಂದ್ರೆ ಜನ ನಗ್ತ್ರ್. ನಿಮ್ಗ್ ಬಸ್ಸಲ್ ಬಂದ್ ಆಯಾಸ ಆಯಿತ್, ಹೋಯಿ ಮನಿಕಣಿ."

ಮನಿಕಣಿ! ಮಲಗಿಕೋ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದ. ಅವನ ಹೆಂಡತಿ ಸುಗುಣ ವಾರಗಿತ್ತಿಗೆ ಕಾಪಿ ತಂದಿಟ್ಟಳು. ಗುಲಾಬಿ ಲೋಟದ ಕಡೆ ನೋಡದೆ ಇಳಿದು ಹೋದಳು.

ಬೆಳಿಗ್ಗೆ ಚೆಂಡೆ, ಜಾಗಟೆ ಕೇಳಿಸುವ ಮೊದಲೇ ಅವಳು ಗದ್ದೆಯ ಬಾಯಿಯಲ್ಲಿ ಕಾಲೂರಿ ನಿಂತಿದ್ದಳು. ಮೆರವಣಿಗೆ ಹತ್ತಿರ ಬಂದಾಗ ಎರಡೂ ಕೈ ಅಡ್ಡ ಚಾಚಿದಳು.

"ಹ್ವಾಯ್ ಭಟ್ರೇ, ನಿಲ್ಲಿ! ಇದಕ್ ಹುಲ್ಲಿನ್ ಮದ್ದ್ ಬಿದ್ದಿತ್. ದೇವ್ರಿಗೂ ಆತ್ತಿಲ್ಲೆ, ನಿಮ್ಗೂ ಆತ್ತಿಲ್ಲೆ. ಯಾರೂ ಮುಟ್ಬ್ಯಾಡಿ!"

ಅರ್ಚಕರು ತಡೆದು ನಿಂತು ರತ್ನಾಕರನ ಮುಖ ನೋಡಿದರು. ಹಿಂದಿನಿಂದ ಯಾರೋ "ಶುರುವಾಯ್ತ್ ಶೆಡ್ತಿದ್" ಎಂದರು. ಇನ್ಯಾರೋ ಕಿಸಕ್ಕನೆ ನಕ್ಕರು. ಟೈಲ್ಸಿಗೂ ಬೈದವಳು, ಪ್ಲಾಸ್ಟಿಕ್ಕಿಗೂ ಬೈದವಳು, ಇವತ್ತು ಕದಿರಿಗೆ ಬೈಯುತ್ತಿದ್ದಾಳೆ ಅಷ್ಟೇ. ರತ್ನಾಕರ ವಾದ್ಯದವರಿಗೆ ಕೈಸನ್ನೆ ಮಾಡಿದ. ಚೆಂಡೆ ಜೋರಾಯಿತು, ಅವಳ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಅವನೇ ಕತ್ತಿ ಹಿಡಿದು, ಅವಳನ್ನು ಮೆಲ್ಲಗೆ ಬದಿಗೆ ಸರಿಸಿ ಗದ್ದೆಗಿಳಿದು ಕೊಯ್ದ. ಅವಳು ಅರ್ಚಕರ ಶಲ್ಯ ಹಿಡಿದೆಳೆದಳು, ಎದುರಿಗೆ ಸಿಕ್ಕ ಹೆಂಗಸರ ತೋಳು ಹಿಡಿದು ಹೇಳಿದಳು. ಅವರು "ಆಯ್ತ್, ಆಯ್ತ್" ಎನ್ನುತ್ತ ಬಿಡಿಸಿಕೊಂಡು ಮುಂದೆ ಹೋದರು. ಕದಿರಿನ ಹೊರೆ ತಲೆಯ ಮೇಲೇರಿ ದೇವಸ್ಥಾನದ ದಾರಿ ಹಿಡಿಯಿತು.

ಗುಲಾಬಿ ಮನೆಗೆ ಹತ್ತಿದಳು. ಒಲೆ ಹಚ್ಚಿ, ಕಳೆದ ವರ್ಷದ ಅಕ್ಕಿಯ ಅನ್ನ ಬೇಯಿಸಿ, ಕಾಯಿ ಹಾಲು ಹಿಂಡಿ ಬೆಲ್ಲದ ಪಾಯಸ ಕಾಯಿಸಿದಳು. ಹೊಸ್ತಿನ ಊಟ ಮೂಲಮನೆಯಲ್ಲೇ ಆಗಬೇಕು, ಎಲೆಗೆ ಬಡಿಸುವುದು ಮನೆಗೆ ಹಿರಿಯಳಾದ ಅವಳೇ. ಬಾಗಿಲಿಗೆ ಕಟ್ಟಿದ್ದ ಹಳೆಯ ಕದಿರನ್ನು ಅವಳು ಬಿಚ್ಚಲಿಲ್ಲ.

ಮಧ್ಯಾಹ್ನ ರತ್ನಾಕರ ದೇವರ ಮುಂದಿನಿಂದ ತಂದ ಕದಿರು ಹಿಡಿದು ಬಂದ. ಜೊತೆಗೆ ಸುಗುಣ, ಮಗಳು ನಿಖಿತಾ. ಅತ್ತಿಗೆಯ ಸಿಟ್ಟು ಇಳಿದಿದೆ ಎಂದು ಅವನಿಗೆ ಸಮಾಧಾನವಾದಂತಿತ್ತು. ಮೂವರೂ ಸಾಲಾಗಿ ಕೂತರು. ಗುಲಾಬಿ ಅನ್ನ ಬಡಿಸಿ, ಪಾಯಸ ಬಡಿಸಿ, ಅವನ ಎದುರೇ ಕೂತು ತೆನೆಯಿಂದ ಕಾಳು ಸುಲಿದಳು. ಕೆಲವು ಕಾಳು ಕಂದು ತಿರುಗಿದ್ದವು. ಅವನ್ನೂ ಬಿಡದೆ ಅವನ ಪಾಯಸಕ್ಕೆ ಹಾಕಿದಳು.

ಹಿರಿಯರಿಗೆ ಹೇಳದೆ ಯಾರೂ ಹೊಸ್ತು ಉಣ್ಣುವುದಿಲ್ಲ. ರತ್ನಾಕರ ಕೈ ಮುಗಿದು ಹೇಳಿದ, "ಅತ್ಗೆ, ಹೊಸ್ತ್ ಉಂತೆ."

ಅದಕ್ಕೆ ಹಿರಿಯರು "ಉಣ್ಣ್" ಎನ್ನಬೇಕು. ಗುಲಾಬಿ ಅನ್ನಲಿಲ್ಲ. ಮತ್ತೊಂದು ತೆನೆ ಸುಲಿದು ನಿಖಿತಾಳ ಎಲೆಯ ಕಡೆ ಕೈ ಚಾಚಿದಳು. ಅಷ್ಟರಲ್ಲಿ ಸುಗುಣಳ ಅಂಗೈ ಮಗಳ ಎಲೆಯ ಮೇಲೆ ಬಂದು ಕೂತಿತು.

"ಅಕ್ಕಾ, ಅವ್ಳಿಗ್ ಬ್ಯಾಡ."

"ಎಂತಕ್ ಬ್ಯಾಡ? ಹೊಡ್ದದ್ ಹುಲ್ಲಿಗಲ್ದಾ?"

ಸುಗುಣ ತಲೆ ಎತ್ತಲಿಲ್ಲ, ಕೈಯನ್ನೂ ಎತ್ತಲಿಲ್ಲ. ಗುಲಾಬಿಯ ದನಿ ಈಗ ಏರಲಿಲ್ಲ. ಅವಳ ಕೂಗು ಕೇಳಿ ರೂಢಿಯಾದ ಆ ಮನೆಯಲ್ಲಿ ಆ ಸಣ್ಣ ದನಿ ಹೊಸದಾಗಿತ್ತು.

"ಕಂಡ್ಯಾ ರತ್ನಾಕರ? ನಿನ್ ಮಗ್ಳಿಗೆ ಕೈ ಅಡ್ಡ ಹಿಡುಕೆ ಹೆತ್ತ್ ಅಬ್ಬಿ ಇದ್ಲ್. ದೇವ್ರಿಗೆ ಅಬ್ಬಿ ಇಲ್ಲೆ ಅಂದ್ ಅವ್ರಿಗ್ ಇದ್ನ್ ಉಣ್ಸ್ದ್ಯಾ? ನಾನ್ ಅಡ್ಡ ನಿಂತ್ರೆ ಚೆಂಡಿ ಬಡ್ಸ್ದೆ. ಈಗ ಉಣ್ಣ್. ದೇವ್ರ್ ಉಂಡಾಯ್ತಲ, ನೀನೂ ಉಣ್ಣ್."

ರತ್ನಾಕರನ ಕೈ ಎಲೆಯ ತನಕ ಬಂತು. ಅಲ್ಲೇ ನಿಂತಿತು. ಬೆರಳು ಪಾಯಸಕ್ಕೆ ತಾಗಲಿಲ್ಲ. ಅವನು ಹೆಂಡತಿಯ ಅಂಗೈಯನ್ನೇ ನೋಡುತ್ತಿದ್ದ.

"ಅತ್ಗೆ, ತಪ್ಪಾಯ್ತ್. ದೇವಸ್ಥಾನಕ್ ಹೋಯಿ ಅಲ್ಲಿದ್ದದ್ನ್ ತೆಗ್ಸ್ತೆ. ಪ್ರಾಯಶ್ಚಿತ್ತ ಎಂತ ಅಂದ್ ಭಟ್ರ್ ಹತ್ರ ಕೇಂತೆ."

"ದೇವ್ರ್ ಉಂಡಾಯ್ತ್. ಊರ್ ಮಕ್ಳ್ ಇನ್ನೂ ಉಣ್ಲಿಲ್ಲೆ. ಎಲ್ಲ ಮನಿಯಂಗೂ ಈಗ ಎಲಿ ಹಾಕ್ತಾ ಇರ್ತ್ರ್. ಏಳ್!"

"ಫೋನ್ ಮಾಡಿ ಹೇಳ್ತೆ. ಎಂತಾರೂ ಕಾರಣ..."

"ಕಾರಣ ಬ್ಯಾಡ. ಇದ್ದದ್ದ್ ಹೇಳ್ಕ್. ಕದಿರ್ ಕೊಟ್ಟದ್ ಮನಿ ಮನಿಗ್ ಹೋಯಿ, ಹಾಂಗೇ ಮನಿ ಮನಿಗ್ ಹೋಯಿ ಹೇಳ್. ನಾನ್ ಹೇಳ್ರೆ ಶೆಡ್ತಿ ಬೈತ್ಳ್ ಅಂತ್ರ್. ನೀ ಹೇಳ್ರೆ ಕೇಂತ್ರ್."

ರತ್ನಾಕರ ಎದ್ದ. ಶಾಲು ಭುಜದಿಂದ ಜಾರಿ ಎಲೆಯ ಪಕ್ಕದಲ್ಲಿ ಬಿತ್ತು, ಎತ್ತಿಕೊಳ್ಳಲಿಲ್ಲ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಅಂಗಳ ದಾಟಿ, ತಾನೇ ಕೊಲ್ಲಿಸಿದ ಹುಲ್ಲಿನ ಮೇಲೆ ಓಡುತ್ತ ಇಳಿದ. ಸುಗುಣ ಪಾಯಸದ ಎಲೆಯನ್ನು ಹೊರಗೆ ಹಾಕಲೆಂದು ಎತ್ತಿದಳು. ಗುಲಾಬಿ ಅವಳ ಕೈಯಿಂದ ತೆಗೆದು ಕೆಳಗಿಟ್ಟಳು. ಹೊರಗೆ ಹಾಕಿದರೆ ದನವೋ ಕೋಳಿಯೋ ತಿಂದೀತು.

ಆಮೇಲೆ ಜಗಲಿಗೆ ಬಂದು ಕಂಬಕ್ಕೊರಗಿ ನಿಂತಳು. ಹಸಿವಾಗುತ್ತಿತ್ತು, ಸಿಟ್ಟು ಇನ್ನೂ ಇಳಿದಿರಲಿಲ್ಲ. ತೋಡಿನಾಚೆಯ ಚಂದಯ್ಯನ ಅಂಗಳದಿಂದ ಮೈದುನನ ಏದುಸಿರಿನ ದನಿ ಕೇಳಿಸಿತು.

"ಹ್ವಾಯ್, ಉಣ್ಬ್ಯಾಡಿ! ಹೊಸ್ತ್ ಉಣ್ಬ್ಯಾಡಿ! ಕದಿರಿಗ್ ವಿಷ ಹಾಕ್ಸದ್ ನಾನ್!"

ಗುಲಾಬಿ ಮುಂದಿನ ಮನೆಯ ಕಡೆಗೆ ಕಿವಿ ಕೊಟ್ಟು ನಿಂತಳು.