ಟಿ.ಬಿ. ಎಂಬ ಎರಡಕ್ಷರದ ಮನುಷ್ಯ

ನನಗೆ ಸಿಟ್ಟು ಬೇಗ ಬರುತ್ತದೆ, ಮನೆಯವರೆಲ್ಲ ಬಲ್ಲರು. ಆದರೆ ಸತ್ತು ನಾಲ್ಕುನೂರು ವರ್ಷವಾದ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡು ಊಟ ಬಿಟ್ಟವನು ಕಲಬುರಗಿಯಲ್ಲಿ ಬಹುಶಃ ನಾನೊಬ್ಬನೇ. ಅವನ ಹೆಸರು ಟಿ.ಬಿ. ಹೆಸರೆಂದರೆ ಅಷ್ಟೇ, ಎರಡು ಇನಿಷಿಯಲ್ಲು. ಲಂಡನ್ನಿನಲ್ಲಿ ಅಚ್ಚಾದ ಒಂದು ಪುಟ್ಟ ಪುಸ್ತಿಕೆಯ ಮೊದಲ ಪುಟದಲ್ಲಿ ಬರೆದವನು ಟಿ.ಬಿ., ಅಚ್ಚು ಹಾಕಿದವನು ಡಬ್ಲ್ಯೂ.ಎಚ್. ಎಂದಿದೆ. ಆ ಕಾಲದ ಇಂಗ್ಲಿಷ್ ಪುಸ್ತಕಗಳಲ್ಲಿ ಇಂಥ ಅಕ್ಷರದ ಮನುಷ್ಯರು ರಾಶಿ ರಾಶಿ ಸಿಗುತ್ತಾರೆ. ಈ ಇಬ್ಬರು ಯಾರು ಎಂದು ಪತ್ತೆ ಹಚ್ಚುವುದೇ ನನ್ನ ಪಿಎಚ್.ಡಿ. ಕೆಲಸ.

ನಾನು ಕಮಲಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆ ಕಲಬುರಗಿಯ ಸೇಡಂ ರಸ್ತೆಯ ಹತ್ತಿರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತ ಮೊಬೈಲಿನಲ್ಲಿ ಆ ಹಳೆಯ ಪುಟಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ ಕಣ್ಣು ಹಾಳು ಮಾಡಿಕೊಂಡೆ. ವಿದೇಶದ ಗ್ರಂಥಾಲಯಗಳ ಜಾಲತಾಣಗಳು ಮೊದಲ ಎರಡು ಪುಟ ಆಸೆಗೆ ತೋರಿಸಿ, ಮೂರನೆಯದಕ್ಕೆ ನಿಮ್ಮ ಸಂಸ್ಥೆಯ ಮೂಲಕ ಒಳಗೆ ಬನ್ನಿ ಎನ್ನುತ್ತವೆ. ನಮ್ಮ ಸಂಸ್ಥೆಯಲ್ಲಿ ಪ್ರಿಂಟರಿಗೆ ಕಾಗದ ಸಿಕ್ಕರೆ ಅದೇ ಹಬ್ಬ.

ಸ್ಟಾಫ್ ರೂಮಿನಲ್ಲಿ ನಾನು ನಗೆಪಾಟಲಾಗಿದ್ದೆ. "ಸರ್, ಟಿ.ಬಿ. ಗುಣ ಆಯ್ತೇನ್ರಿ?" ಎಂದು ಇತಿಹಾಸದ ಮೇಷ್ಟ್ರು ದಿನಾ ಕೇಳುತ್ತಿದ್ದರು. ಒಂದು ದಿನ ಮಾತ್ರ ನಿಜವಾಗಿಯೇ ಕೇಳಿದರು: "ಆ ಮನುಷ್ಯಾನ ಬೆನ್ನು ನೀವು ಯಾಕ್ರಿ ಇಷ್ಟು ಹತ್ತೀರಿ? ಅಂವ ನಿಮಗೇನ್ ಆಗ್ಬೇಕು?"

ನಾನು ನಕ್ಕು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೊರಟೆ. ಆದರೆ ಉತ್ತರ ಇತ್ತು. ಟಿ.ಬಿ. ನಮ್ಮವನು ಎಂದು ನಾನು ನಂಬಿದ್ದೆ.

ಆ ಪುಸ್ತಿಕೆ ಹೊಲದ ಆಳುಗಳ ಬಗ್ಗೆ. ಸುಗ್ಗಿಯಲ್ಲಿ ಬೆನ್ನು ಮುರಿಯುವಂತೆ ದುಡಿಸಿಕೊಂಡು, ಊಟದ ಹೊತ್ತಿಗೆ ಅವರನ್ನು ಒಳಗೆ ಕರೆಯದೆ ಚಳಿಯ ಅಂಗಳದಲ್ಲೇ ಕೂರಿಸಿ ತಂಗಳು ರೊಟ್ಟಿ ಹಾಕುವ ಧಣಿಗಳಿಗೆ ಅದರಲ್ಲಿ ಛೀಮಾರಿ ಹಾಕಿದ್ದಾನೆ. ಮೊದಲ ಸಲ ಓದಿದಾಗ ನನಗೆ ಮೈ ಬಿಸಿಯಾಯಿತು. ನಮ್ಮದು ಮಹಾಗಾಂವದ, ಬೌದ್ಧರಾದ ದಲಿತರ ಮನೆ. ಅಪ್ಪ ಕಪನೂರಿನ ದಾಲ್ ಮಿಲ್ಲಿಗೆ ಸೇರುವ ಮೊದಲು ಇನ್ನೊಬ್ಬರ ಹೊಲದಲ್ಲಿ ಜೋಳ, ತೊಗರಿ ಕೊಯ್ದು, ಅವರ ಅಂಗಳದಲ್ಲೇ ಉಂಡು ಬಂದವನು. ಅಂಗಳದಲ್ಲಿ ಕೂತು ಉಂಡವನಲ್ಲದೆ ಬೇರೆ ಯಾರೂ ಇದನ್ನು ಬರೆಯಲಾರರು ಎಂದು ನನಗೆ ಅವತ್ತೇ ಅನಿಸಿತು.

ಮೇಲಾಗಿ ಟಿ.ಬಿ. ಹೆಸರು ಮುಚ್ಚಿದ್ದ. ಹೆಸರು ಮುಚ್ಚುವುದು ಏಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ಹೊಸಬ ಸಿಕ್ಕರೆ ಕೇಳುವುದಕ್ಕೆ ಒಂದು ಕ್ರಮ ಇದೆ. ಮೊದಲು ಹೆಸರು, ಆಮೇಲೆ ಊರು, ಆಮೇಲೆ ಯಾವ ಓಣಿ, ಅಷ್ಟಕ್ಕೂ ತಿಳಿಯದಿದ್ದರೆ ಅಡ್ಡಹೆಸರು. ಅಡ್ಡಹೆಸರು ಬಾಯಿಗೆ ಬಂದರೆ ಜಾತಿ ಕೈಗೆ ಬಂದಂತೆ. ಅದಕ್ಕೇ ಅಪ್ಪ ನನ್ನನ್ನು ಶಾಲೆಗೆ ಹಾಕುವಾಗ ಅಡ್ಡಹೆಸರು ಬರೆಸದೆ ಅದರ ಒಂದು ಅಕ್ಷರವನ್ನು ಮಾತ್ರ ಬರೆಸಿದ. ಆ ಅಕ್ಷರದ ಹಿಂದೆ ನಾನು ಬೆಳೆದೆ, ಡಿಗ್ರಿ ಮುಗಿಸಿದೆ. ಸೇಡಂ ರಸ್ತೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಯಜಮಾನತಿ ಚಹಾ ಕೊಟ್ಟು, ನಲ್ಲಿ ತೋರಿಸಿ, ಕೊನೆಗೆ ಕೇಳಿದರು: "ಈ ಅಕ್ಷರ ಅಂದ್ರ ಏನ್ರಿ ಸರ್? ಪೂರಾ ಹೇಳ್ರಲ್ಲ." ಹೇಳಿದೆ. "ಅಯ್ಯ, ನಿನ್ನೇನೇ ಒಬ್ರು ಅಡ್ವಾನ್ಸ್ ಕೊಟ್ಟು ಹೋಗ್ಯಾರ್ರಿ, ನಮ್ಮವ್ರು ನನಗ ಹೇಳೇ ಇಲ್ಲ ನೋಡ್ರಿ" ಎಂದರು. ಗಂಡ ಅಲ್ಲೇ ಕೂತು ಪೇಪರ್ ಓದುತ್ತಿದ್ದ, ತಲೆ ಎತ್ತಲಿಲ್ಲ.

ಇಂಥ ಬಾಗಿಲುಗಳಿಂದ ವಾಪಸ್ ಬಂದವನು ಟಿ.ಬಿ.ಯನ್ನು ಎಲ್ಲಿ ಹುಡುಕಿಯಾನು? ಆ ಅಕ್ಷರಗಳಿಗೆ ಹೊಂದುವ ಕೆಲವು ಹೆಸರುಗಳು ಶುರುವಿನಲ್ಲೇ ಸಿಕ್ಕಿದ್ದವು. ಅವರಲ್ಲಿ ದೊಡ್ಡ ಜಮೀನಿನ ಧಣಿಯೂ ಒಬ್ಬನಿದ್ದ. ಮೊದಲು ಅವನನ್ನೇ ಬಿಟ್ಟೆ. ಊರೇ ತಲೆ ಬಾಗಿಸುವ ಹೆಸರನ್ನು ಯಾವನಾದರೂ ಮುಚ್ಚುತ್ತಾನೆಯೇ? ಉಳಿದವರಲ್ಲಿ ಒಬ್ಬ ಬಡ ಶಾಲಾಮಾಸ್ತರನಿದ್ದ, ಆಳಿನ ಮಗ. ಇವನೇ ಎಂದು ಹಿಡಿದು ಕೂತೆ. ಅವನ ಊರು, ಅವನ ಓಣಿ, ಅವನ ಅಪ್ಪನ ಕಸುಬು ಎಲ್ಲ ಕೆದಕಿದೆ. ಆ ಯಜಮಾನತಿಯ ಕೆಲಸವನ್ನೇ ನಾನೂ ಮಾಡುತ್ತಿದ್ದೆ ಎಂಬುದು ಆಗ ಹೊಳೆಯಲಿಲ್ಲ. ವರ್ಷಗಳು ಹೋದವು, ಪುರಾವೆ ಮಾತ್ರ ಹುಟ್ಟಲಿಲ್ಲ.

ನನ್ನ ಗೈಡ್ ಒಳ್ಳೆಯವರೇ, ಆದರೆ ನಿವೃತ್ತಿ ಹತ್ತಿರವಾದಂತೆ ಅವರ ತಾಳ್ಮೆ ಕರಗಿತ್ತು. "ನೋಡ್ರಿ, ಅಚ್ಚು ಹಾಕಿದ ಪ್ರಿಂಟರ್ ಸಿಕ್ಕ, ಲೇಖಕ ಸಿಗಲಿಲ್ಲ ಅಂದ್ರ ಅರ್ಧ ಥೀಸಿಸ್ ಆಗ್ತದ. ಅರ್ಧಕ್ಕ ನಾ ಸಹಿ ಮಾಡಂಗಿಲ್ಲ. ಈ ಸಲ ಅವಧಿ ಮುಗೀತಂದ್ರ ನಿಮ್ಮ ರಿಜಿಸ್ಟ್ರೇಷನ್ನೂ ಮುಗೀತು."

ಪ್ರಿಂಟರ್ ಸಿಕ್ಕಿದ್ದ ಎಂದದ್ದು ನಿಜ. ಆಗ ಅಧ್ಯಾಯದ ಮೊದಲ ಅಕ್ಷರವನ್ನು ಹೂಬಳ್ಳಿಯ ಜೊತೆ ಮರದಲ್ಲಿ ಕೆತ್ತಿ ಅಚ್ಚು ಹಾಕುತ್ತಿದ್ದರು. ಆ ಮರದ ಮೂಲೆ ಒಮ್ಮೆ ಒಡೆದರೆ ಮುಂದಿನ ಪುಸ್ತಕಗಳಲ್ಲೂ ಅದೇ ಒಡಕು ಮೂಡುತ್ತದೆ. ನನ್ನ ಪುಸ್ತಿಕೆಯ ಒಡಕನ್ನೇ, ಪೂರ್ತಿ ಹೆಸರು ಹಾಕಿಕೊಂಡ ಒಬ್ಬ ಮುದ್ರಕನ ಬೇರೆ ಬೇರೆ ಪುಸ್ತಕಗಳಲ್ಲಿ ಕಂಡೆ. ಡಬ್ಲ್ಯೂ.ಎಚ್. ಅವನೇ. ಇನ್ನು ಉಳಿದದ್ದು ಅವನು ಅಚ್ಚು ಹಾಕಿದ್ದನ್ನೆಲ್ಲ ತಿರುವುವುದು. ಒಂದೊಂದು ಗ್ರಂಥಾಲಯಕ್ಕೂ ಮೇಲ್ ಬರೆದು ಅಂಗಲಾಚಿದೆ. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬರು ಮಾತ್ರ, ಇದು ನಿಮಗೆ ಉಪಯೋಗವಾಗಬಹುದು ಎಂದು ಒಂದು ಪುಸ್ತಕದ ಪುಟಗಳನ್ನು ಕಳಿಸಿದರು.

ಅದು ನನ್ನ ಪುಸ್ತಿಕೆಯೇ. ಬರೆದವನು ಸತ್ತ ಮೇಲೆ ಅವನ ಮಗ ಅದೇ ಮುದ್ರಕನಿಂದ ಮತ್ತೆ ಅಚ್ಚು ಹಾಕಿಸಿದ್ದ. ಈ ಸಲ ಅಪ್ಪನ ಪೂರ್ತಿ ಹೆಸರಿತ್ತು, ಮನೆತನದ ಲಾಂಛನವಿತ್ತು. ಮೊದಲು ಏಕೆ ಹೆಸರು ಹಾಕಿರಲಿಲ್ಲ ಎಂಬುದನ್ನೂ ಮಗ ಮುನ್ನುಡಿಯಲ್ಲಿ ವಿವರಿಸಿದ್ದ: ಕಾಸಿಗೆ ಮಾರುವ ಪುಸ್ತಿಕೆಯ ಮೇಲೆ ತನ್ನ ಹೆಸರು ಬೀದಿಯಲ್ಲಿ ಬಿದ್ದಿರುವುದು ಅಪ್ಪನಂಥ ದೊಡ್ಡ ಮನುಷ್ಯನಿಗೆ ಒಗ್ಗಿರಲಿಲ್ಲವಂತೆ. ನಾನು ಮೊದಲೇ ಬಿಟ್ಟ ಆ ಧಣಿ. ಅವನು ಅಂಗಳದಲ್ಲಿ ಕೂತು ಬರೆದವನಲ್ಲ, ಒಳಗಿನ ಕಿಟಕಿಯಿಂದ ನೋಡಿ ಬರೆದವನು.

ಅವತ್ತೇ ನಾನು ಊಟ ಬಿಟ್ಟದ್ದು. ಹೆಂಡತಿ ತಟ್ಟೆ ಇಟ್ಟು, "ಸಿಕ್ಕನಲ್ಲ, ಮತ್ಯಾಕ ಸಿಟ್ಟು?" ಎಂದಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಹೆಸರು ಮೊಟಕು ಮಾಡುವವರೆಲ್ಲ ಅಂಜಿ ಮಾಡುತ್ತಾರೆ ಎಂದು ಲಂಡನ್ನನ್ನೂ ಮಹಾಗಾಂವದ ಲೆಕ್ಕಕ್ಕೆ ಹಾಕಿದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಅವನು ನಮ್ಮವನಲ್ಲ ಎಂಬ ದುಃಖ ಒಪ್ಪಿದ ಮಾತ್ರಕ್ಕೆ ಹೋಗಲಿಲ್ಲ. ಥೀಸಿಸ್ಸಿನ ತುಂಬ ಅಕ್ಕರೆಯಿಂದ ಟಿ.ಬಿ., ಟಿ.ಬಿ. ಎಂದು ಬರೆದಿದ್ದೆ. ಎಲ್ಲ ಕಡೆ ಅದನ್ನು ಅಳಿಸಿ ಧಣಿಯ ಹೆಸರು ಬರೆದೆ. ಗೈಡ್ ಓದಿ ಖುಷಿಯಾದರು. "ಒಳ್ಳೆ ಮನೆತನದಂವ ಅದಾನ್ರಿ" ಎಂದು ಸಹಿ ಮಾಡಿದರು.

ಮುಂದಿನ ಶನಿವಾರ ಕಮಲಾಪುರದಿಂದ ಬರುವಾಗ ಮಹಾಗಾಂವದಲ್ಲಿ ಇಳಿದೆ. ಅಲ್ಲಿ ಅಪ್ಪ ನನ್ನ ಅಣ್ಣನ ಮನೆಯಲ್ಲಿದ್ದಾನೆ. ಆ ಪುಸ್ತಿಕೆಯಲ್ಲಿ ಇರುವುದನ್ನೆಲ್ಲ ಅವನಿಗೆ ಹಿಂದೆಯೇ ಹೇಳಿದ್ದೆ. ಹೋದಾಗಲೆಲ್ಲ ಕೇಳುತ್ತಿದ್ದ, ಅವತ್ತೂ ಕೇಳಿದ.

"ಸಿಕ್ಕನೇನು ತಮ್ಮಾ ನಮ್ಮಂವ?"

"ಸಿಕ್ಕ ಅಪ್ಪಾ. ನಮ್ಮಂವ ಅಲ್ಲ. ಧಣಿ ಇದ್ದ."

"ಧಣಿಗ್ಯಾರ ಅಂಜಿಕಿ? ಹೆಸರ್ಯಾಕ ಮುಚ್ಚಿದ?"

"ಅಂಜಿಕಿ ಅಲ್ಲಪ್ಪಾ. ದೊಡ್ಡವರ ಹೆಸರು ಬಾಜಾರದಾಗ ಬೀಳಬಾರದಂತ."

ಅಪ್ಪ ಮುಖ ತಿರುಗಿಸಿ ಅಂಗಳದ ಕಡೆ ನೋಡಿದ. ಅವನಿಗೆ ಬೇಸರವಾಗಿದೆ ಎಂದುಕೊಂಡು ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವನು ಯೋಚಿಸುತ್ತಿದ್ದದ್ದು ಧಣಿಯ ಬಗ್ಗೆ ಅಲ್ಲ.

"ಮತ್ತ ಆ ಅಂಗಳದಾಗ ಉಣ್ಣಾಕ ಕುಂತಿದ್ರಲ್ಲ, ಅವರ ಹೆಸರು?"

"ಅವರದು ಎಲ್ಲೂ ಬರದಿಲ್ಲಪ್ಪಾ."

"ಒಂದಕ್ಷರನೂ?"

"ಒಂದಕ್ಷರನೂ ಇಲ್ಲ" ಎಂದೆ.