ಸುಬೇದಾರರ ವಾಚು, ನಮ್ಮೂರ ಗಡಿಯಾರ ಕಂಬ

ಸುಬೇದಾರರೇ, ನಿಮ್ಮ ವಾಚು ತಪ್ಪಿರಲಿಲ್ಲ. ನಿಮ್ಮ ಕಣ್ಣೂ ತಪ್ಪಿರಲಿಲ್ಲ. ತಪ್ಪಿದ್ದು ಪೇಟೆಯ ಗಡಿಯಾರ ಕಂಬ — ಅದೂ ತಾನಾಗಿ ಅಲ್ಲ, ನಾನು ತಪ್ಪಿಸಿದ್ದು. ಇಷ್ಟು ಹೇಳಲು ನನಗೆ ಮೂವತ್ತು ವರ್ಷ ಹಿಡಿಯಿತು. ಗಡಿಯಾರ ಸರಿಮಾಡುವವನೆಂದು ಬೋರ್ಡು ಹಾಕಿಕೊಂಡವನಿಗೆ ಸ್ವಲ್ಪ ತಡವೇ ಆಯಿತು.

ಶನಿವಾರಸಂತೆಯ ಕಡೆಯಿಂದ ಬಂದು ಆ ಕಂಬದ ಬುಡದಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟೆ. ಭಾನುವಾರಕ್ಕೊಮ್ಮೆ ಮೇಲೆ ಹತ್ತಿ ಗಡಿಯಾರಕ್ಕೆ ಕೀ ಕೊಡುವ ಕೆಲಸವೂ ನನಗೇ ಬಂತು. ಯಾವುದೋ ಕಾಲದಲ್ಲಿ ಬಿಳಿ ದೊರೆಯೊಬ್ಬ ಕಟ್ಟಿಸಿದ ಆ ಕಂಬದ ದರ್ಬಾರು ಆಗ ಹೇಗಿತ್ತೆಂದು ನಿಮಗೆ ಗೊತ್ತು. ಸಿದ್ದಾಪುರದ ಬಸ್ಸು ಹೊರಡುತ್ತಿದ್ದುದು ಅದನ್ನು ನೋಡಿ, ಎಸ್ಟೇಟಿನ ರೈಟರು ಲೈನುಮನೆಯ ಕೂಲಿಯವರನ್ನು ಕಾಫಿ ಪಿಕ್ಕಿಂಗಿಗೆ ಕರೆಯುತ್ತಿದ್ದುದೂ ಅದನ್ನು ನೋಡಿಯೇ. ಕೈಯಲ್ಲಿ ವಾಚಿದ್ದವರೂ ಒಮ್ಮೆ ತಲೆಯೆತ್ತಿ ನೋಡಿ, ತಮ್ಮ ಮುಳ್ಳು ತಿರುಗಿಸಿಕೊಂಡು ಹೋಗುತ್ತಿದ್ದರು.

ನೀವು ಮಾತ್ರ ತಿರುಗಿಸುತ್ತಿರಲಿಲ್ಲ. ಸೈನ್ಯದ ಪಟಾಲಂನಿಂದ ನಿವೃತ್ತರಾಗಿ ಬಂದವರು, ದಿನಾ ಬೆಳಿಗ್ಗೆ ಕಂಬದ ಕೆಳಗೆ ನೆಟ್ಟಗೆ ನಿಂತು ಒಮ್ಮೆ ವಾಚು, ಒಮ್ಮೆ ಮೇಲೆ ನೋಡಿ, ಎದುರಿನ ಹೋಟೆಲಿಗೆಲ್ಲ ಕೇಳುವಂತೆ ಹೇಳುತ್ತಿದ್ದಿರಿ:

"ಎಂತ ಶಿವಣ್ಣ, ನಿನ್ನ ದೊರೆ ಇವತ್ತೂ ಎರಡು ನಿಮಿಷ ಲೇಟ್ ಉಂಟಲ್ಲ?"

ಹೋಟೆಲಿನವರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು — ಏಕೆಂದರೆ ನೀವು ಹೇಳಿದ್ದು ನಿಜ. ಬಿಚ್ಚಿ ಎಣ್ಣೆ ಹಾಕಿದ್ದರೆ ಸರಿಯಾಗುತ್ತಿತ್ತು. ಆದರೆ ಅಲ್ಲಿ ಪಾರಿವಾಳದ ಹಿಕ್ಕೆಯಲ್ಲಿ ಕೂತು ಅಷ್ಟೆಲ್ಲ ಮಾಡುವವರು ಯಾರು? ಅದಕ್ಕಿಂತ ನಿಮ್ಮನ್ನೇ ಲೇಟ್ ಮಾಡುವುದು ಸುಲಭ ಅನ್ನಿಸಿತು. ಒಂದು ಭಾನುವಾರ ದೊಡ್ಡ ಮುಳ್ಳನ್ನು ತುಸು ಮುಂದೆ ತಳ್ಳಿ ಇಳಿದೆ. ಮುಂದಿನ ಭಾನುವಾರ ಇನ್ನೂ ತುಸು, ಕಾಲು ಗಂಟೆಯಾಗುವವರೆಗೆ.

ಊರಿಗೆ ಊರೇ ಕಂಬದ ಹಿಂದೆ ಹೋಯಿತು. ಬಸ್ಸು ಬೇಗ ಹೊರಟಿತು, ಪಿಕ್ಕಿಂಗಿನವರು ಬೈದುಕೊಂಡು ಬೇಗ ಎದ್ದರು. ರೇಡಿಯೋ ಬೇರೆ ಹೇಳುತ್ತದಲ್ಲ ಎಂದು ಯಾರೋ ತಗಾದೆ ತೆಗೆದರೆ, ದಿಲ್ಲಿಯಿಂದ ಘಾಟಿ ಹತ್ತಿ ಬರುವಾಗ ಅಷ್ಟು ತಡವಾಗುತ್ತದೆ ಎಂದು ಹೋಟೆಲಿನ ಮೊಯ್ದು ಕಾಕಾ ಬಗೆಹರಿಸಿದರು. ನೀವು ವಾಚನ್ನು ಕಿವಿಗೆ ಹಿಡಿದಿರಿ, ಅಲ್ಲಾಡಿಸಿದಿರಿ. ವಾಚಿಗೂ ಪೆನ್ಶನ್ ಆಯ್ತಾ ಎಂದು ಕಾಕಾ ಕೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಕೊನೆಗೆ ವಾಚನ್ನು ಕೈಯಿಂದ ಬಿಚ್ಚಿ ನನ್ನ ಮೇಜಿನ ಮೇಲಿಟ್ಟಿರಿ. ಹಿಂಬದಿ ತೆರೆದು ನೋಡಿದೆ. ಒಳಗೆ ಒಂದು ಧೂಳಿನ ಕಣವೂ ಇರಲಿಲ್ಲ. ಆಗಲಾದರೂ ಹೇಳಬಹುದಿತ್ತು — ಬಾಯಿಗೆ ಬಂದಿತ್ತು ಕೂಡ. ಹೇಳದೆ ಮುಚ್ಚಿದೆ, ಮುಳ್ಳನ್ನು ಕಂಬಕ್ಕೆ ಸರಿಯಾಗಿ ತಿರುಗಿಸಿದೆ, ಸರಿ ಮಾಡಿದ್ದೇನೆ ಎಂದು ಹೇಳಿ ಕೊಟ್ಟೆ.

ಆಮೇಲೆ ಹುತ್ತರಿ ಹಬ್ಬ ಬಂತು.

ರಾತ್ರಿ ಹೊಸ ಕದಿರು ಕೊಯ್ಯುವ ಮುಹೂರ್ತಕ್ಕೆ ನಿಮ್ಮ ಒಕ್ಕದಲ್ಲಿ, ಇಡೀ ಕುಟುಂಬದ ಪರವಾಗಿ, ಕೋವಿ ಹಾರಿಸುವ ಮರ್ಯಾದೆ ನಿಮ್ಮದು. ಸುಬೇದಾರರ ಈಡು ಕೇಳಿದ ಮೇಲೆಯೇ ಅಕ್ಕಪಕ್ಕದ ಗದ್ದೆಗಳಲ್ಲೂ ಕತ್ತಿ ಆಡುತ್ತಿದ್ದದ್ದು. ಆ ವರ್ಷ ನನ್ನನ್ನೂ ಊಟಕ್ಕೆ ಕರೆದಿದ್ದಿರಿ. ಗದ್ದೆಯ ಬದುವಿನ ಮೇಲೆ ಟಾರ್ಚು ಹಿಡಿದು ನೀವು ವಾಚು ನೋಡುವಾಗ ಅದು ಹೊತ್ತಿಗಿಂತ ಮುಂದಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ಆದರೂ ತಡೆಯಲಿಲ್ಲ. ನೀವು ಹಾರಿಸಿದಿರಿ. ಪೊಲಿ ಪೊಲಿ ದೇವಾ ಎಂದು ಕೂಗುತ್ತ ಎಲ್ಲರೂ ಕದಿರು ಕೊಯ್ದರು. ಕೊಯ್ದ ಕದಿರು ಹೊತ್ತು ಅರ್ಧ ದಾರಿ ಬಂದಿದ್ದೇವೆ — ಆಗ ಅಮ್ಮತ್ತಿ ಕಡೆಯಿಂದ ಸಾಲಾಗಿ ಈಡು ಕೇಳಿಸಿತು. ನಿಜವಾದ ಮುಹೂರ್ತ ಬಂದದ್ದು ಆಗ; ನಾವು ಅದಕ್ಕೆ ಮೊದಲೇ ಕೊಯ್ದಿದ್ದೆವು.

ನಿಮ್ಮ ಅಣ್ಣ, ಆ ವಾಚು ರಿಪೇರಿ ಮಾಡಿದವನು ಯಾರು ಎಂದು ಕೇಳಿ ನನ್ನತ್ತ ತಿರುಗಿದರು. ಅವರು ಮುಂದೆ ಹೇಳುವ ಮೊದಲೇ ನೀವು ಹೇಳಿದಿರಿ:

"ಶಿವಣ್ಣನ ತಪ್ಪೇನಿಲ್ಲ. ವಾಚ್ ಸರಿ ಉಂಟು. ನನ್ನ ಕಣ್ಣೇ ಮಂಜಾಗಿರಬೇಕು."

ಮುಂದಿನ ಭಾನುವಾರ ಮುಳ್ಳನ್ನು ಹಿಂದಕ್ಕೆ ತಂದಿಟ್ಟೆ. ಎಣ್ಣೆಯನ್ನೂ ಹಾಕಿದೆ. ಮುಂದಿನ ಹುತ್ತರಿಗೆ ಕೋವಿ ನಿಮ್ಮ ತಮ್ಮನ ಮಗನ ಕೈಗೆ ಹೋಗಿತ್ತು. ವಾಚು ಟ್ರಂಕು ಸೇರಿತ್ತು. ಕಂಬದ ಕೆಳಗೆ ನಿಂತು ಮೇಲೆ ನೋಡುವುದನ್ನೂ ನೀವು ಬಿಟ್ಟಿರಿ. ನನ್ನ ಗಡಿಯಾರ ಸರಿ ನಡೆಯುತ್ತಿತ್ತು, ಅದನ್ನು ಪರೀಕ್ಷೆ ಮಾಡುವವರೇ ಇರಲಿಲ್ಲ.

ಈಗ ಕಂಬಕ್ಕೆ ತನ್ನಷ್ಟಕ್ಕೆ ನಡೆಯುವ ಬ್ಯಾಟರಿ ಗಡಿಯಾರ ಹಾಕಿದ್ದಾರೆ. ಜನ ಅದರ ಕೆಳಗೇ ನಿಂತು ಮೊಬೈಲಿನಲ್ಲಿ ಹೊತ್ತು ನೋಡುತ್ತಾರೆ. ನೀವು ಮಾತ್ರ ಇಂದಿಗೂ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು, ಗಂಟೆ ಎಷ್ಟಾಯಿತು ಎಂದು ನನ್ನನ್ನೇ ಕೇಳುತ್ತೀರಿ. ಹೇಳಿದ್ದನ್ನು ನಂಬುತ್ತೀರಿ. ಅದನ್ನು ಇನ್ನು ಸಹಿಸಲಾರೆ.

ಈ ಹುತ್ತರಿಗೆ ಬರುತ್ತೇನೆ. ಟ್ರಂಕಿನಿಂದ ವಾಚು ತೆಗೆಸಿ, ಸರಿಯಾದ ಹೊತ್ತಿಗೆ ತಿರುಗಿಸಿ, ನಿಮ್ಮ ಒಕ್ಕದವರೆಲ್ಲರ ಎದುರು ಇದಿಷ್ಟನ್ನೂ ಹೇಳುತ್ತೇನೆ. ಆಮೇಲೆ ಕೋವಿಯನ್ನು ನಿಮ್ಮ ಕೈಗೆ ಕೊಡಿ ಎಂದು ನಾನೇ ಕೇಳುತ್ತೇನೆ. ಅದು ತುಂಬಿರುತ್ತದೆ ಎಂದು ಗೊತ್ತು. ಆದರೂ ನಿಮ್ಮ ಎದುರೇ ನಿಂತಿರುತ್ತೇನೆ.