ಹೆಂಡತಿಗೆ ಹೇಳಬೇಕಾದ ಮಾತು ಗಂಡನ ಕಿವಿಗೆ

ಹೋದ ಶನಿವಾರ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ನಾನು ವೈರ್ ಆಗಿದ್ದೆ.

ಹೌದ್ರಿ, ವೈರ್. ಈ ಕಡೆಯ ಮಾತನ್ನು ಆ ಕಡೆ ಮುಟ್ಟಿಸೋದು, ಆ ಕಡೆಯದನ್ನು ಈ ಕಡೆ ತರೋದು. ಅಷ್ಟೇ ಕೆಲಸ. (ಅದೂ ಲೂಸ್ ಕನೆಕ್ಷನ್ ಇರೋ ವೈರ್ ಅಂತ ನಮ್ಮ ಮನೆಯಾಕೆಯ ಅಭಿಪ್ರಾಯ.)

ಮನೆಯಾಕೆ ಅಂದರೆ ಗಿರಿಜಾ. ಬಳ್ಳಾರಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತಾಳೆ, ಜೊತೆಗೆ ಎಂ.ಫಿಲ್. ಮಾಡ್ತಿದ್ದಾಳೆ. ಮೋಕ, ಬಾದನಹಟ್ಟಿ ಕಡೆಯ ಬಾವಿಗಳ ನೀರು ತಂದು ಅದರಲ್ಲಿ ಉಪ್ಪೆಷ್ಟಿದೆ ಅಂತ ಅಳೆಯೋದು ಅವಳ ವಿಷಯ. ನಮ್ಮ ಅಡಿಗೆಮನೆಯಲ್ಲಿ ಕುಡಿಯೋ ನೀರಿನ ಬಾಟಲಿ ಯಾವುದು, ಎಂ.ಫಿಲ್. ಬಾಟಲಿ ಯಾವುದು ಅಂತ ತಿಳಿಯದೆ ನಾನು ಪಟ್ಟ ಪಾಡು ನನಗೇ ಗೊತ್ತು. ಒಂದೆರಡು ಸಲ ಕುಡಿದೂ ಆಗಿದೆ.

ಬರೆಯೋದೆಲ್ಲ ಮುಗೀತು ಅನ್ನುವಾಗ ಅವಳ ಗೈಡು ಪಟ್ಟು ಹಿಡಿದರು. ಕೈಯಲ್ಲಿ ಎಳೆದ ಗ್ರಾಫ್ ನಡೆಯೋದಿಲ್ಲ, ಕಂಪ್ಯೂಟರ್ ಗ್ರಾಫೇ ಬೇಕು. ಸೋಮವಾರ ಅವರು ಧಾರವಾಡಕ್ಕೆ ಹೊರಡೋದರೊಳಗೆ ಕೊಡಬೇಕು. ಇಲ್ಲಾಂದರೆ ಮುಂದಿನ ವರ್ಷ. ಮುಂದಿನ ವರ್ಷ ಅಂದರೆ ಗಿರಿಜಾಳ ನೌಕರಿ ಖಾಯಂ ಆಗೋದೂ ಮುಂದಿನ ವರ್ಷ! ಉಪ್ಪು ಅಳೆಯೋ ಹೆಂಗಸು ಆ ಚಿಂತೆಯಲ್ಲಿ ಸಾರಿಗೆ ಉಪ್ಪು ಹಾಕೋದನ್ನೇ ಮರೆತಳು. ನಾನು ಬಾಯಿ ಬಿಡದೆ ಉಂಡೆ.

ಗ್ರಾಫ್ ಬರೆಯೋ ಪ್ರೋಗ್ರಾಂ ಅವಳ ಗೆಳತಿಯೊಬ್ಬಳು ಹೈದರಾಬಾದಿನಿಂದ ಫ್ಲಾಪಿಯಲ್ಲಿ ಕಳಿಸಿದ್ದಳು. ಆದರೆ ಕಂಪ್ಯೂಟರ್ ಎಲ್ಲಿ? ಕಾಲೇಜಿನದು ರಿಪೇರಿಗೆ ಹೋಗಿದ್ದು ಬಂದಿರಲಿಲ್ಲ. ನನ್ನ ಕ್ಲಾಸ್‌ಮೇಟ್ ಬಸವರಾಜ ಸಿರುಗುಪ್ಪದ ತನ್ನ ರೈಸ್ ಮಿಲ್ಲಿಗೆ ಬಿಲ್ ಹಾಕೋದಕ್ಕೆ ಅಂತ ಒಂದು ತಂದಿಟ್ಟಿದ್ದ. ಶನಿವಾರ ಬರ್ಲಾ ಅಂತ ಫೋನ್ ಮಾಡಿದೆ. "ಬಾರಲೇ, ಅದಕ್ಕೇನು! ನಾ ಅವತ್ತು ಕುರುಗೋಡಿಗೆ ಹೊಂಟೀನಿ, ನಮ್ಮ ಗುಮಾಸ್ತರಿಗೆ ಹೇಳಿರ್ತೀನಿ" ಅಂದ.

ಹೋದೆವು. ಗುಮಾಸ್ತರು ಸುಬ್ಬಯ್ಯ ಶೆಟ್ರು. ತಲೆ ಪೂರಾ ಬೆಳ್ಳಗೆ. ಮಿಲ್ಲಿನಲ್ಲಿ ಎಲ್ಲಿ ನೋಡಿದರೂ ತೌಡಿನ ಧೂಳು, ಇವರ ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ ಒಂದು ಕಣ ಇಲ್ಲ. ಚಪ್ಪಲಿ ಹೊರಗೇ ಬಿಡಬೇಕು. ಕೀಬೋರ್ಡನ್ನು ಅವರು ಬಿಟ್ಟರೆ ಇನ್ನೊಬ್ಬರು ಮುಟ್ಟೋಹಾಗಿಲ್ಲ.

ಇನ್ನೊಂದು ಸಂಗತಿ. ಶೆಟ್ರು ಬಹಳ ಮರ್ಯಾದಸ್ಥರು. ಪರರ ಮನೆ ಹೆಣ್ಣುಮಗಳ ಜೊತೆ ನೇರ ಮಾತಾಡೋರಲ್ಲ. ಹಾಗಾಗಿ ನೆಲ ನೋಡಿಕೊಂಡು ನನ್ನನ್ನು ಕೇಳಿದರು, "ಅಮ್ಮಾರಿಗೆ ಏನು ಬೇಕಂತ್ರಿ?"

ಅಮ್ಮಾರು ಅಲ್ಲೇ ಇದ್ದರು. ಕೈ ಚಾಚಿದರೆ ಮುಟ್ಟೋಷ್ಟು ದೂರದಲ್ಲಿ!

"ಅವರಿಗೆ ಹೇಳ್ರಿ" ಅಂದಳು ಗಿರಿಜಾ, ನನಗೆ. "ಈ ಸ್ಕ್ರೀನ್‌ನಾಗ ಬರೇ ಅಕ್ಷರ ಬರ್ತಾವ, ಚಿತ್ರ ಬರಂಗಿಲ್ಲ. ಅದಕ್ಕ ಗ್ರಾಫ್ ಸೀದಾ ಪ್ರಿಂಟರಿಗೆ ಹೋಗಬೇಕು. ಹಂಗಂತ ಮೊದಲ ಸೆಟ್ ಮಾಡಿ, ಆಮ್ಯಾಲ ಪ್ರೋಗ್ರಾಂ ಶುರು ಮಾಡಬೇಕು."

ನಾನು ಅಂಕಣಕಾರ. ಉದ್ದದ್ದನ್ನು ಗಿಡ್ಡ ಮಾಡೋದೇ ನನ್ನ ಹೊಟ್ಟೆಪಾಡು. "ಶೆಟ್ರೆ, ಪ್ರಿಂಟರ್ ಆನ್ ಮಾಡಿ ಶುರು ಮಾಡ್ರಿ" ಅಂದೆ.

ಮಾಡಿದರು. ಕಂಪ್ಯೂಟರ್ 'ಕೀಂ' ಅಂತು. ಸ್ಕ್ರೀನ್ ಖಾಲಿ.

"ಏನೂ ಬರ್ಲಿಲ್ಲ ಅಂತ ಅಮ್ಮಾರಿಗೆ ಹೇಳ್ರಿ" ಅಂದರು ಶೆಟ್ರು.

"ಅದು ಕಾಣ್ತೈತಿ ಅಂತ ಅವರಿಗೆ ಹೇಳ್ರಿ" ಅಂದಳು ಗಿರಿಜಾ.

ಆಮೇಲೆ ನನಗೇ ಪಾಠ ಶುರುವಾಯಿತು. ಈ ಪ್ರೋಗ್ರಾಂ ಕಣ್ಣು ಬಿಡುತ್ತಲೇ ಸುತ್ತಮುತ್ತ ನೋಡುತ್ತದಂತೆ. ಚಿತ್ರ ಎಲ್ಲಿಗೆ ಕಳಿಸಬೇಕು? ಕಾಗದ ಎಷ್ಟುದ್ದ? ಅದೆಲ್ಲ ಮೊದಲೇ ಯಾರಾದರೂ ಹೇಳಿಟ್ಟಿರಬೇಕು. ಅದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಅಂತ ಹೆಸರು. ಯಾರೂ ಏನೂ ಹೇಳಿರದಿದ್ದರೆ ಅದು ತನ್ನ ಹಳೇ ಚಾಳಿಯಂತೆ ಸ್ಕ್ರೀನಿಗೇ ಕಳಿಸುತ್ತದೆ. ಕಾಣಲಿ, ಬಿಡಲಿ, ಅದಕ್ಕೇನು?

ಈ ಸಲ ಚಿತ್ರ ಪ್ರಿಂಟರಿಗೆ ಹೋಗಲಿ ಅಂತ ಶೆಟ್ರ ಕೈಯಲ್ಲಿ ಅದಕ್ಕೆ ಮೊದಲೇ ಹೇಳಿಸಿದೆ. ಪ್ರಿಂಟರ್ 'ಕರ್ರ್' ಅಂತ ಓಡಿತು. ಹುರ್ರೇ ಅನ್ನಬೇಕು, ಅಷ್ಟರಲ್ಲಿ ನೋಡಿದರೆ ಗ್ರಾಫ್ ಬರ್ತಿದ್ದದ್ದು ಮಿಲ್ಲಿನ ಬಿಲ್ಲಿನ ಮೇಲೆ! ಬಾದನಹಟ್ಟಿ ಬಾವಿಯ ಉಪ್ಪು 'ನುಚ್ಚು' ಅನ್ನೋ ಕಾಲಂನಲ್ಲಿ ಹುಟ್ಟಿ, 'ತೌಡು' ಕಾಲಂನಲ್ಲಿ ಏರಿ, ಬಿಲ್ಲು ಮುಗಿದ ಕಡೆ ಕಚಕ್ಕಂತ ತುಂಡಾಗಿ ಮುಂದಿನ ಬಿಲ್ಲಿಗೆ ಹಾರಿತ್ತು. ನನಗೆ ನಗು ತಡೆಯೋಕಾಗಲಿಲ್ಲ. ಗಿರಿಜಾಳ ಮುಖ ನೋಡಿದೆ. ತಡೆದುಕೊಂಡೆ.

"ಬಿಳೀ ಹಾಳಿ ಹಾಕಿ, ಉದ್ದ ಎಷ್ಟಂತ ಸೆಟ್ ಮಾಡಾಕ ಹೇಳ್ರಿ" ಅಂದಳು. ಹೇಳಿದೆ. "ಯಾವ ಉದ್ದ ಅಂತ ಕೇಳ್ರಿ" ಅಂದರು ಶೆಟ್ರು. ಕೇಳಿದೆ. ಅವಳು ಹೇಳಿದ ಅಳತೆ ಶೆಟ್ರ ಹತ್ತಿರ ಹೋಗೋ ದಾರಿಯಲ್ಲೇ ನನಗೆ ಮರೆತುಹೋಯಿತು. ಬಳ್ಳಾರಿಗೆ ಸಂಜೆ ಬಸ್ಸು ಹೊರಡೋ ಹೊತ್ತು ಹತ್ತಿರ ಬರ್ತಿತ್ತು. ಗಿರಿಜಾಳ ಕಣ್ಣಲ್ಲಿ ನೀರು. ಅದರ ಉಪ್ಪು ಅಳೆಯೋ ಧೈರ್ಯ ನನಗಿರಲಿಲ್ಲ.

ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ನೀವು ಹೋಗಿ ಚಾ ಕುಡದು ಬರ್ರಿ."

"ಅಲ್ಲ, ಇಲ್ಲಿ..."

"ಆರಾಮ ಕುಡದು ಬರ್ರಿ."

ಹೋದೆ. ಗೇಟಿನ ಹತ್ತಿರದ ಹೋಟೆಲಿನಲ್ಲಿ ಚಾ ಕುಡಿದೆ, ಒಗ್ಗರಣೆ ಮಂಡಕ್ಕಿ ತಿಂದೆ, ಮತ್ತೊಂದು ಚಾ ಕುಡಿದೆ. ಹೆದರಿಕೊಂಡೇ ವಾಪಸ್ ಬಂದೆ.

ಕೋಣೆಯೊಳಗೆ ನೋಡ್ತೀನಿ, ಗಿರಿಜಾ ಕುರ್ಚಿಯಲ್ಲಿ! ಕೀಬೋರ್ಡು ಅವಳ ಕೈಯಲ್ಲಿ! ಶೆಟ್ರು ಪಕ್ಕದಲ್ಲಿ ನಿಂತು ಬಗ್ಗಿ ನೋಡ್ತಿದ್ದಾರೆ. ಬಿಳೀ ಹಾಳೆಯ ಮೇಲೆ ಗ್ರಾಫ್ ಸರಸರ ಇಳೀತಾ ಇದೆ, ತುಂಡಾಗದೆ, ಪೂರ್ತಿ. ಎಂಥಾ ಚೆಂದ ಅಂತೀರಿ!

"ಹಂಗಾರ ಅಮ್ಮಾ, ಇದು ನಾಳೆನೂ ನೆನಪಿಟ್ಕೊಂತದೇನ್ರಿ?" ಅಂತ ಶೆಟ್ರು ಕೇಳ್ತಿದ್ದರು. ನೇರವಾಗಿ. ಅವಳನ್ನೇ!

"ಇಲ್ರಿ ಅಣ್ಣಾರ. ಬಂದ್ ಮಾಡಿದ್ರ ಮರ್ತಬಿಡ್ತೈತಿ. ದಿನಾ ಬೇಕಂದ್ರ ಕಂಪ್ಯೂಟರ್ ಶುರು ಆಗೋ ಫೈಲ್‌ನಾಗ ಬರದಿಡಬೇಕು. ತೋರಿಸ್ತೀನಿ ಬರ್ರಿ."

"ಅಬ್ಬಬ್ಬಾ, ಅಮ್ಮಾ ತಲ್ಲೀ!" ಅಂದರು ಶೆಟ್ರು, ಖುಷಿಗೆ ತೆಲುಗಿನಲ್ಲೇ ತಾಯಿ ಅಂತ ಕರೆದು.

ವೈರ್ ಕಿತ್ತಿದ್ದೇ ತಡ, ಕರೆಂಟ್ ಹರಿದಿತ್ತು. ಬಸ್ಸಿಗೆ ಹೊರಟಾಗ ಶೆಟ್ರು ಗೇಟಿನ ತನಕ ಬಂದು "ಹೋಗಿ ಬಾ ತಂಗೆಮ್ಮ" ಅಂದರು. ನನ್ನನ್ನು ಅವರು ಗಮನಿಸಿದಂತೆ ಕಾಣಲಿಲ್ಲ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಕಡೆಗಣನೆಗೆ ಒಳಗಾಗಿಲ್ಲ.

ಬಸ್ಸಿನಲ್ಲಿ ಗಿರಿಜಾ ಗ್ರಾಫನ್ನು ಮಡಿಲಲ್ಲಿ ಇಟ್ಟುಕೊಂಡು ನಿದ್ದೆ ಹೋದಳು. ನಾನು ಯೋಚನೆ ಮಾಡ್ತಾ ಕೂತೆ. ಶೆಟ್ರಿಗೆ ನನ್ನ ಮುಖಾಂತರವೇ ಮಾತಾಡಿ ಅಂತ ಹೇಳಿದವರು ಯಾರು? ಯಾರೂ ಇಲ್ಲ. ಅವರು ಹುಟ್ಟೋ ಮೊದಲೇ ಯಾರೋ ಸೆಟ್ ಮಾಡಿಟ್ಟಿದ್ದು. ಅವರೊಬ್ಬರೇ ಏನು? ಗಿರಿಜಾಗೆ ಜ್ವರ ಬಂದರೆ ಡಾಕ್ಟರು ಅವಳ ನಾಡಿ ಹಿಡಿದು ನನ್ನನ್ನು ಕೇಳ್ತಾರೆ, "ತಲಿ ನೋಯ್ತೈತೇನ್ರಿ ಇವರಿಗೆ?" ನನಗೇನು ಗೊತ್ತು, ತಲೆ ಅವಳದು! ಬ್ಯಾಂಕಿನಲ್ಲಿ ಅವಳ ಖಾತೆ, ಅವಳ ಸಹಿ, ಪ್ರಶ್ನೆ ಮಾತ್ರ ನನಗೆ. ಬಳೆಗಾರ ಒಬ್ಬನೇ ಸೀದಾ ಅವಳನ್ನು ಕೇಳೋದು. (ನನ್ನ ಕೈಗೆ ಅವನ ಬಳೆ ಏರಲ್ಲ ಅಂತ ಇರಬಹುದು.)

ಭಾನುವಾರ ಬೆಳಿಗ್ಗೆ ಇಬ್ಬರೂ ಗೈಡ್ ಮನೆಗೆ ಹೋದೆವು. ಗಿರಿಜಾ ಗ್ರಾಫ್ ಬಿಡಿಸಿದಳು. ಅವರು ಕನ್ನಡಕ ಏರಿಸಿ ನೋಡಿದರು. "ಭೇಷ್! ಭೇಷ್!" ಅಂದರು. ಎಂ.ಫಿಲ್. ಪಾಸಾದಂತೆಯೇ. ನಮ್ಮಿಬ್ಬರ ಮುಖವೂ ಊರಗಲ.

ಆಮೇಲೆ ಆ ಮಹಾನುಭಾವರು, ಗ್ರಾಫಿನ ಇನ್ನೊಂದು ಅಂಚು ಹಿಡಿದು ನಿಂತಿದ್ದ ಗಿರಿಜಾಳನ್ನು ದಾಟಿ, ನನ್ನ ಕಡೆ ತಿರುಗಿ ಹೇಳಿದರು: "ಬಾಳ ಚೊಲೋ ಮಾಡ್ಯಾರ. ನಿಮ್ಮ ಮನಿಯವರಿಗೆ ಹೇಳ್ರಿ."

ಹಳೇ ಚಾಳಿ ಬಿಡಿಸೋದಕ್ಕೆ ಕಂಪ್ಯೂಟರಿಗಾದರೆ ಒಂದು ಸಾಲು ಟೈಪ್ ಮಾಡಿದರೆ ಸಾಕು, ಇಷ್ಟೆಲ್ಲ ಓದಿದ ನಮ್ಮಂಥವರಿಗೆ ಏನು ಟೈಪ್ ಮಾಡಬೇಕ್ರಿ?